ಯಾವ ಎಣ್ಣೆ ಹಚ್ಚುತ್ತೀರಿ ಎಂದು ಕೇಳುವವರಿಗೆ

ನನ್ನ ಉದ್ದ ಜಡೆಯನ್ನು ನೋಡಿದವರೆಲ್ಲ ಕೇಳುವುದು ಒಂದೇ, ಯಾವ ಎಣ್ಣೆ ಎಂದು. ನಾನು ತಲೆಗೆ ಹಚ್ಚುವುದು ಬರೀ ಕೊಬ್ಬರಿ ಎಣ್ಣೆ. ಮನೆಯ ಹತ್ತಿರದ ಗಾಣದಿಂದ ತರುತ್ತೇನೆ. ಅದಕ್ಕೆ ಕರಿಬೇವನ್ನಾಗಲಿ, ಗರಗದ ಸೊಪ್ಪನ್ನಾಗಲಿ ಹಾಕಿ ಕಾಯಿಸುವುದಿಲ್ಲ. ಹೀಗೆಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ, ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂಬ ಅನುಮಾನವೂ ಕಾಣುತ್ತದೆ. ಇಪ್ಪತ್ತು ವರ್ಷಗಳಿಂದ ಇದೇ ಉತ್ತರ ಹೇಳಿ ಸಾಕಾಗಿದೆ. ಇನ್ನು ಯಾರಾದರೂ ಕೇಳಿದರೆ ಈ ಬರಹವನ್ನೇ ತೋರಿಸುತ್ತೇನೆ.

ಹೋದ ವರ್ಷ ಸಾಗರದಲ್ಲಿ ನೆಂಟರ ಮದುವೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದಾಗ ಹಿಂದಿನಿಂದ ಯಾರೋ ನನ್ನ ಜಡೆಯನ್ನು ಜಗ್ಗಿದರು. ತಿರುಗಿದರೆ, ಪರಿಚಯವಿಲ್ಲದ ಹಿರಿಯ ಹೆಂಗಸೊಬ್ಬರು ತುದಿಯನ್ನು ಕೈಯಲ್ಲೇ ಹಿಡಿದುಕೊಂಡು, “ಏನಮ್ಮಾ, ಸ್ವಂತದ್ದಾ, ಚೌರಿಯಾ?” ಎಂದರು. ಸ್ವಂತದ್ದು ಎಂದು ಖಾತ್ರಿಯಾದ ಮೇಲೆ ಬಂದದ್ದು ಅದೇ ಪ್ರಶ್ನೆ, ಯಾವ ಎಣ್ಣೆ? ಅವರ ಪಕ್ಕದಲ್ಲಿ ಹದಿನೆಂಟು ಹತ್ತೊಂಬತ್ತರ ಮಗಳು ನಿಂತಿದ್ದಳು. ಅವಳ ಬೈತಲೆ ಬೆರಳಗಲ ಆಗಿತ್ತು. ನಾನು ಎಣ್ಣೆಯ ಹೆಸರು ಹೇಳಿ ಊಟಕ್ಕೆ ಕುಳಿತೆ. ಅವಳನ್ನು ಮಾತನಾಡಿಸದೆ ಹೋದದ್ದು ನನ್ನ ತಪ್ಪು.

ಎಣ್ಣೆಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಬುಡದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಅದಕ್ಕೆ ಪೋಷಣೆ ಕೊಡುತ್ತೇವೆ ಎನ್ನುವ ಜಾಹೀರಾತಿನ ಮಾತಿಗೆ ಅರ್ಥವಿಲ್ಲ, ಇರುವುದನ್ನು ಸವೆಯದಂತೆ ಕಾಯಬಹುದು ಅಷ್ಟೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ನನ್ನ ಜಡೆ ಸುಮಾರು 80 ಸೆಂಟಿಮೀಟರ್ ಇದೆ ಎಂದರೆ ಅದರ ತುದಿಗೆ ಐದೂವರೆ ವರ್ಷ ವಯಸ್ಸಾಗಿದೆ, ಮತ್ತು ವಾರಕ್ಕೆರಡು ಸಲದ ಲೆಕ್ಕದಲ್ಲಿ ಅದು 570 ಸಲ ನೀರು ಕಂಡಿದೆ. ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ ನಮ್ಮ ದೇಶದಲ್ಲೇ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಕೂದಲಿನ ಒಳಕ್ಕೆ ಇಳಿಯಬಲ್ಲದು. ಆದ್ದರಿಂದಲೇ ನಾನು ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಹಚ್ಚುತ್ತೇನೆ. ತಲೆಹೊಟ್ಟು ಇರುವವರು ಮಾತ್ರ ಎಣ್ಣೆಯನ್ನು ಬುಡಕ್ಕೆ ಹಚ್ಚಿ ರಾತ್ರಿಯಿಡೀ ಬಿಡಬಾರದು, ಏಕೆಂದರೆ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ.

ನನ್ನ ಕೂದಲು ಉದುರಿದ ಕಾಲವನ್ನು ಕುರಿತು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಮಗ ಹುಟ್ಟಿದ ನಾಲ್ಕನೆಯ ತಿಂಗಳಿನಲ್ಲಿ ಬಚ್ಚಲಿನ ಜಾಲರಿ ಪ್ರತಿ ಸ್ನಾನಕ್ಕೂ ಕಟ್ಟಿಕೊಳ್ಳುತ್ತಿತ್ತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ, ನನ್ನದು ಹಿಡಿ ಹಿಡಿಯಾಗಿತ್ತು. ಎಣ್ಣೆ ಬದಲಿಸಿದೆ, ಈರುಳ್ಳಿ ರಸ ಹಚ್ಚಿದೆ, ಅತ್ತೆ ಹರಕೆಯನ್ನೂ ಹೊತ್ತರು. ಕೊನೆಗೆ ವೈದ್ಯರ ಬಳಿ ಹೋದಾಗ ಅವರು ತಲೆಯನ್ನು ನೋಡುವ ಮೊದಲೇ ರಕ್ತಪರೀಕ್ಷೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 8.7ಕ್ಕೆ ಇಳಿದಿತ್ತು, ಅಂದರೆ ರಕ್ತಹೀನತೆ. ಬಸುರಿಯಾಗಿದ್ದಾಗ ಉದುರದೆ ನಿಂತ ಕೂದಲು ಹೆರಿಗೆಯ ನಂತರ ಒಟ್ಟಿಗೆ ಉದುರುತ್ತದೆ, ಅದು ತಾನಾಗಿಯೇ ಸರಿಹೋಗುತ್ತದೆ, ಆದರೆ ರಕ್ತದಲ್ಲಿ ಕಬ್ಬಿಣವಿಲ್ಲದಿದ್ದರೆ ಮತ್ತೆ ಬರುವುದು ತಡವಾಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಕಬ್ಬಿಣದ ಮಾತ್ರೆ ನುಂಗಿದೆ, ಕಬ್ಬಿಣ ಮೈಗೆ ಚೆನ್ನಾಗಿ ಹತ್ತಲಿ ಎಂದು ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡೆ, ಊಟವಾದ ಕೂಡಲೇ ಕುಡಿಯುತ್ತಿದ್ದ ಕಾಫಿಯನ್ನು ಮುಂದೂಡಿದೆ. ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ಮೂಡಲು ಐದಾರು ತಿಂಗಳು ಹಿಡಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆಯಿದೆ. ಇಷ್ಟು ಜನ ಎಣ್ಣೆಯ ಬಾಟಲಿಯನ್ನು ಹುಡುಕುತ್ತಿರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಮದುವೆಯಿಂದ ಬಂದ ಮೇಲೂ ಆ ಹುಡುಗಿಯ ಬೈತಲೆ ಕಣ್ಣ ಮುಂದಿನಿಂದ ಹೋಗಲಿಲ್ಲ. ನೆಂಟರಿಂದ ಫೋನ್ ನಂಬರ್ ಪಡೆದು ತಾಯಿಗೆ ಫೋನ್ ಮಾಡಿ, ಯಾವಾಗಿನಿಂದ ಉದುರುತ್ತಿದೆ ಎಂದು ಕೇಳಿದೆ. ಮದುವೆಗೆ ಮೂರು ತಿಂಗಳ ಮೊದಲು ಮಗಳಿಗೆ ಡೆಂಗಿ ಜ್ವರ ಬಂದಿತ್ತಂತೆ. ದೊಡ್ಡ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಉದುರಲಾರಂಭಿಸುವುದೂ, ಆರೇಳು ತಿಂಗಳಲ್ಲಿ ನಿಲ್ಲುವುದೂ ಸಾಮಾನ್ಯ. ಹೆದರಬೇಡಿ, ಆದರೆ ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡನ್ನೂ ನೋಡಿಸಿ, ತಲೆ ಎಳೆಯುವಂತೆ ಬಿಗಿಯಾಗಿ ಜುಟ್ಟು ಕಟ್ಟಿಸಬೇಡಿ ಎಂದೆ.

ಹದಿನೈದು ದಿನ ಬಿಟ್ಟು ಆ ಹುಡುಗಿಯೇ ಫೋನ್ ಮಾಡಿದಳು. ಮಾತ್ರೆ ಶುರುವಾಗಿದೆ ಎಂದು ತಿಳಿಸಿ, “ಅಕ್ಕಾ, ಇಷ್ಟುದ್ದದ ಕೂದಲಿನ ಸಿಕ್ಕು ಹೇಗೆ ಬಿಡಿಸುತ್ತೀರಿ?” ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ; ನಾನು ಅರ್ಧ ಗಂಟೆ ಮಾತನಾಡಿದೆ. ಒದ್ದೆ ಕೂದಲು ಜಗ್ಗಿದರೆ ರಬ್ಬರಿನಂತೆ ಹಿಗ್ಗಿ ತುಂಡಾಗುತ್ತದೆ, ಆದ್ದರಿಂದ ಸ್ನಾನಕ್ಕೆ ಮೊದಲು, ಒಣಗಿರುವಾಗಲೇ ಬಾಚಬೇಕು. ಮೆಟ್ಟಿಲ ಮೇಲೆ ಕುಳಿತು ಕೂದಲನ್ನು ಎರಡು ಪಾಲು ಮಾಡಿ ಮುಂದಕ್ಕೆ ತಂದುಕೊಳ್ಳುತ್ತೇನೆ. ಸಿಕ್ಕಿನ ಮೇಲ್ಭಾಗವನ್ನು ಎಡಗೈ ಮುಷ್ಟಿಯಲ್ಲಿ ಹಿಡಿದರೆ ಎಳೆತ ಬುಡಕ್ಕೆ ತಾಗುವುದಿಲ್ಲ. ಅಗಲ ಹಲ್ಲಿನ ಮರದ ಬಾಚಣಿಗೆಯಿಂದ ತುದಿಯ ನಾಲ್ಕು ಬೆರಳಷ್ಟನ್ನು ಬಿಡಿಸಿ, ಅದು ಸಲೀಸಾದ ಮೇಲೆ ಇನ್ನು ನಾಲ್ಕು ಬೆರಳು ಮೇಲಕ್ಕೆ, ಹೀಗೆ ಏರುತ್ತ ಹೋಗುತ್ತೇನೆ. ಸ್ನಾನವಾದ ಮೇಲೆ ಟವೆಲಿನಿಂದ ತಿಕ್ಕುವುದಿಲ್ಲ. ಹಳೆಯ ಮೆತ್ತನೆಯ ಪಂಚೆಯನ್ನು ಸುತ್ತಿ, ನೀರು ಇಂಗಿದ ಮೇಲೆ ಬೆರಳುಗಳಿಂದಲೇ ಎಳೆಗಳನ್ನು ಬಿಡಿಸಿ, ಗಾಳಿಗೆ ಒಣಗಲು ಬಿಡುತ್ತೇನೆ.