ಇಪ್ಪತ್ತು ಸಾವಿರದಲ್ಲಿ ಸಮುದ್ರ ನೋಡಿ ಬರಬಹುದಾ?

ಏಪ್ರಿಲ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ವಿಷಯಕ್ಕೆ. "ನಿಮ್ದು ಕುಮಟಾ ಅಲ್ವಾ? ಮಕ್ಕಳಿಗೆ ರಜಾ. ನಾವು ನಾಲ್ಕು ಜನ, ನಾಲ್ಕು ದಿನ, ಕಾರಲ್ಲೇ ಹೋಗೋದು. ಬೀಚು ಬೇಕು, ಏನಾದರೂ ಸಾಹಸ ಬೇಕು, ಒಳ್ಳೆ ಮೀನೂಟ ಬೇಕು. ಇಪ್ಪತ್ತು ಸಾವಿರದಲ್ಲಿ ಆಗತ್ತಾ?" ಕೇಳುವವರು ಹೆಚ್ಚಾಗಿ ಬೆಂಗಳೂರಿನವರು: ಆಫೀಸಿನವರು, ಅಪಾರ್ಟ್‌ಮೆಂಟಿನವರು, ಹೆಂಡತಿಯ ಕಡೆಯ ನೆಂಟರು. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಡುತ್ತೇನೆ.

ಆಗುತ್ತದೆ, ಆದರೆ ಸ್ವಲ್ಪ ಬಿಗಿ. ಇಪ್ಪತ್ತಮೂರು ಇಟ್ಟುಕೊಂಡರೆ ನಿರಾಳ. ಅದಕ್ಕೂ ಎರಡು ಆಸೆ ಬಿಡಬೇಕು. ಮಂಗಳೂರಿನಿಂದ ಗೋವಾದವರೆಗೆ ಒಂದೇ ಉಸಿರಿಗೆ ನೋಡಿ ಮುಗಿಸುವುದು ಒಂದು. ಸಮುದ್ರದ ಎದುರಿಗೇ ಮಲಗಬೇಕೆನ್ನುವುದು ಇನ್ನೊಂದು. ಇವೆರಡನ್ನು ಬಿಟ್ಟವರಿಗೆ ಕರಾವಳಿ ಅಗ್ಗ. ಬಿಡದವರು ನಲವತ್ತು ಸಾವಿರ ಸುರಿದು, ಸುಸ್ತಾಗಿ ಬಂದು, "ಬರೀ ಸೆಕೆ ಮಾರಾಯ" ಅನ್ನುತ್ತಾರೆ.

ಮೊದಲನೆಯದನ್ನು ನೋಡೋಣ. ನಮ್ಮ ರಾಜ್ಯದ ಕರಾವಳಿ ಸುಮಾರು 320 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಅದರ ಮಗ್ಗುಲಿಗೇ ಓಡುತ್ತದೆ, ಹಾಗಾಗಿ ಎಲ್ಲವನ್ನೂ ನೋಡಿಬಿಡಬಹುದು ಅನ್ನಿಸುವುದು ಸಹಜ. ಹಾಗೆ ಹೊರಟವರು ನೋಡುವುದು ಹೆದ್ದಾರಿಯನ್ನೇ. ನಾನು ಹೇಳುವುದು ಕುಂದಾಪುರದಿಂದ ಗೋಕರ್ಣದವರೆಗಿನ ತುಂಡು ಮಾತ್ರ, ಒಂದೂವರೆ ನೂರು ಕಿಲೋಮೀಟರಿಗೂ ಕಡಿಮೆ. ಒಂದು ಘಟ್ಟದಲ್ಲಿ ಇಳಿಯಿರಿ, ಇನ್ನೊಂದರಲ್ಲಿ ಹತ್ತಿ. ಉಡುಪಿ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ ಇನ್ನೊಂದು ವರ್ಷಕ್ಕೆ ಇರಲಿ. ದ್ವೀಪದ ಬೋಟು ಮಳೆಗಾಲ ಹತ್ತಿರವಾದಂತೆ ಹೇಗೂ ನಿಲ್ಲುತ್ತದೆ.

ಇಳಿಯುವುದಕ್ಕೆ ಕೊಲ್ಲೂರು ಘಟ್ಟ. ಬೆಳಗಿನ ನಾಲ್ಕಕ್ಕೆ ಬೆಂಗಳೂರು ಬಿಟ್ಟರೆ ತುಮಕೂರಿಗೆ ಮೊದಲೇ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಆಮೇಲೆ ಅರಸೀಕೆರೆ, ಕಡೂರು, ಶಿವಮೊಗ್ಗ, ಹೊಸನಗರ. ನಗರದ ಕೋಟೆ ದಾರಿಯ ಪಕ್ಕದಲ್ಲೇ ಇದೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ಇದೇ. ಮಕ್ಕಳು ಕಾಲು ಸಡಿಲಿಸಿಕೊಳ್ಳಲಿ. ಮಧ್ಯಾಹ್ನ ಕೊಲ್ಲೂರಿನಲ್ಲಿ ದೇವಸ್ಥಾನದ ಊಟ. ಅದು ಉಚಿತ. ಖರ್ಚು ಉಳಿಸುವ ಉಪಾಯವೆಂದು ಹೇಳುತ್ತಿಲ್ಲ, ಹುಂಡಿಗೆ ನಿಮ್ಮ ಕೈಲಾದದ್ದು ಹಾಕಿ. ಆದರೆ ಅಷ್ಟು ದೂರ ಕಾರಿನಲ್ಲಿ ಕೂತು ಬಂದ ಹೊಟ್ಟೆಗೆ ಬಿಸಿ ಅನ್ನ ಸಾರಿಗಿಂತ ಹಿತವಾದದ್ದು ಆ ದಾರಿಯಲ್ಲಿ ಬೇರೆ ಸಿಗದು. ಸಂಜೆಗೆ ಕುಂದಾಪುರ ತಲುಪಿ ಅಲ್ಲೇ ರಾತ್ರಿ ಕಳೆಯಿರಿ.

ಇಲ್ಲಿ ಎರಡನೆಯ ಆಸೆಯ ಮಾತು ಬರುತ್ತದೆ. ಬೀಚ್ ರಿಸಾರ್ಟಿನ ಒಂದು ರಾತ್ರಿಯ ಬಾಡಿಗೆಗೆ ಪೇಟೆಯ ಲಾಡ್ಜಿನಲ್ಲಿ ಮೂರು ರಾತ್ರಿ ಕಳೆಯಬಹುದು. ಕುಂದಾಪುರ, ಹೊನ್ನಾವರ, ಕುಮಟಾ, ಅಂಕೋಲಾ, ಎಲ್ಲವೂ ಸಾಮಾನ್ಯ ತಾಲ್ಲೂಕು ಊರುಗಳು. ಬಸ್‌ಸ್ಟ್ಯಾಂಡಿನ ಆಸುಪಾಸು ಎರಡು ಸಾವಿರದೊಳಗೆ ಎಸಿ ರೂಮು ಸಿಗುತ್ತದೆ, ಇನ್ನೊಂದು ಹಾಸಿಗೆ ಹಾಕಿಸಿಕೊಂಡರೆ ನಾಲ್ಕು ಜನಕ್ಕೆ ಸಾಕು. ಎಸಿಗೆ ಜಿಪುಣತನ ಬೇಡ. ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಗೋಕರ್ಣದಲ್ಲಿ ವಾರಾಂತ್ಯಕ್ಕೆ ರೂಮಿನ ದರ ಏರುವುದನ್ನು ನೋಡಿದರೆ, ಮೂವತ್ತು ಕಿಲೋಮೀಟರ್ ದೂರದ ಕುಮಟಾದಲ್ಲಿ ಮಲಗಿ ಬೆಳಿಗ್ಗೆ ಹೋಗಿಬರುವುದು ಜಾಣತನ. (ಕುಮಟಾದವನಾಗಿ ಪಕ್ಷಪಾತ ಇದೆ, ಒಪ್ಪಿದೆ. ಲೆಕ್ಕ ಮಾತ್ರ ಸರಿಯಿದೆ.)

ಆನ್‌ಲೈನ್ ತಾಣಗಳಲ್ಲಿ ಕಾಣದ ಒಂದು ಸಂಗತಿ ಇದೆ. ಏಪ್ರಿಲ್ ಕೊನೆಯಿಂದ ಮೇ ತನಕ ನಮ್ಮ ಕಡೆ ಮದುವೆ, ಮುಂಜಿಗಳ ಕಾಲ. ದೊಡ್ಡ ಮುಹೂರ್ತವಿದ್ದ ದಿನ ಪೇಟೆಯ ಲಾಡ್ಜುಗಳೆಲ್ಲ ದಿಬ್ಬಣದವರಿಂದ ತುಂಬಿರುತ್ತವೆ. ದಿನ ಗೊತ್ತುಮಾಡುವ ಮೊದಲು ಪಂಚಾಂಗ ಇರುವ ಕ್ಯಾಲೆಂಡರನ್ನೊಮ್ಮೆ ನೋಡಿ. ನೇರವಾಗಿ ಲಾಡ್ಜಿಗೇ ಫೋನ್ ಮಾಡಿ, ದರದಲ್ಲೂ ಸ್ವಲ್ಪ ಇಳಿಯುತ್ತದೆ. ಸೋಮವಾರ ಹೊರಟು ಗುರುವಾರ ಮರಳುವಂತೆ ಇಟ್ಟುಕೊಂಡರೆ ಎಲ್ಲ ಕಡೆಯೂ ಜನ ಕಡಿಮೆ.

ಲೆಕ್ಕಕ್ಕೆ ಬರೋಣ. ಹೋಗಿಬರುವುದು, ಅಲ್ಲಿ ಸುತ್ತುವುದು ಸೇರಿ ಸಾವಿರದ ನೂರು ಕಿ.ಮೀ. ಹಿಡಿಯಿರಿ. ಲೀಟರಿಗೆ ಹದಿನಾರು ಕೊಡುವ ಕಾರಾದರೆ ಪೆಟ್ರೋಲಿಗೆ ಏಳು ಸಾವಿರದ ಆಸುಪಾಸು. ಮೂರು ರಾತ್ರಿಗೆ ಆರು ಸಾವಿರ. ಊಟ ತಿಂಡಿಗೆ ತಲೆಗೆ ದಿನಕ್ಕೆ ನಾನೂರರಂತೆ ಆರೂವರೆ ಸಾವಿರ. ಟೋಲು, ಪಾರ್ಕಿಂಗು, ಸಣ್ಣಪುಟ್ಟದ್ದು ಒಂದು ಸಾವಿರದ ಮೇಲೆ. ಇಪ್ಪತ್ತು ದಾಟಿತಲ್ಲ? ಇಪ್ಪತ್ತಮೂರರಲ್ಲಿ ಉಳಿದ ಎರಡು ಸಾವಿರ ಸಾಹಸಕ್ಕೆ. ನಿಮ್ಮದು ಇಬ್ಬರೇ ಆದರೆ ಕಾರು ತರುವುದೇ ದಂಡ. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿ ಬಂದು ಬಾಡಿಗೆ ಸ್ಕೂಟರ್ ಹಿಡಿಯಿರಿ.

ಟೋಲಿನಲ್ಲೂ ಸ್ವಲ್ಪ ಯೋಚನೆ ಬೇಕು. ಕುಂದಾಪುರದಿಂದ ಕುಮಟಾಕ್ಕೆ ಬರುವಾಗ ಶಿರೂರು ಮತ್ತು ಹೊಳೆಗದ್ದೆಯಲ್ಲಿ ಗೇಟುಗಳಿವೆ. ಹೊಳೆಗದ್ದೆ ಇರುವುದು ಹೊನ್ನಾವರಕ್ಕೂ ಕುಮಟಾಕ್ಕೂ ನಡುವೆ. ಹಾಗಾಗಿ ಹೊನ್ನಾವರದ ಕಡೆಯದ್ದನ್ನೆಲ್ಲ ಬರುವ ದಾರಿಯಲ್ಲೇ ನೋಡಿ ಮುಗಿಸಿ. ಕುಮಟಾದಲ್ಲಿ ರೂಮು ಮಾಡಿ ಮತ್ತೆ ಹಿಂದಕ್ಕೆ ಓಡಿದರೆ ಪ್ರತಿ ಸಲ ಕಟ್ಟುತ್ತೀರಿ.

ಬರುವ ದಾರಿಯಲ್ಲಿ ಏನಿದೆ? ಮೊದಲು ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಇಳಿದು ನೋಡಿ, ಬೊಂಡ (ಎಳನೀರು) ಕುಡಿಯಿರಿ, ನೀರಿಗೆ ಮಾತ್ರ ಇಳಿಯಬೇಡಿ. ಅಲ್ಲಿನ ಅಲೆಗೆ ಮುಲಾಜಿಲ್ಲ. ಆಡುವುದಕ್ಕೆ ಕಾಸರಕೋಡಿದೆ. ಕೇರಳದ್ದಲ್ಲ, ಶರಾವತಿ ಸಮುದ್ರ ಸೇರುವಲ್ಲಿನ ಹೊನ್ನಾವರದ ಕಾಸರಕೋಡು. ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಬೀಚು. ಬಟ್ಟೆ ಬದಲಿಸುವ ಜಾಗ, ಶೌಚಾಲಯ, ಕಾವಲಿಗೆ ಜೀವರಕ್ಷಕರು. ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ತುಂಡಿನಲ್ಲಿಲ್ಲ. ಅಲ್ಲಿಯೇ ಸನಿಹದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಬಿಸಿಲಿನಲ್ಲೂ ಅಲ್ಲಿ ನೆರಳು.

ಗೋಕರ್ಣಕ್ಕೆ ಮೂರನೆಯ ದಿನ. ಬೆಳಿಗ್ಗೆ ಆರೂವರೆಗೆ ಕುಡ್ಲೆಯಿಂದ ಗುಡ್ಡ ಹತ್ತಿ ಓಂ ಬೀಚಿಗೆ ಇಳಿಯಿರಿ, ಶಕ್ತಿ ಉಳಿದಿದ್ದರೆ ಹಾಫ್ ಮೂನ್‌ವರೆಗೆ ಹೋಗಿ. ಒಂದು ಪೈಸೆ ಖರ್ಚಿಲ್ಲದ ಸಾಹಸ ಇದು. ಒಂಬತ್ತೂವರೆಯ ಹೊತ್ತಿಗೆ ಆ ಕಲ್ಲುಗುಡ್ಡ ಕಾದ ಕಾವಲಿ. ಅಷ್ಟರೊಳಗೆ ಮರಳಿರಬೇಕು. ಕರಾವಳಿಯ ಬೇಸಿಗೆಗೆ ಇಲ್ಲಿಯವರ ದಿನಚರಿಯೇ ಸರಿ: ಹತ್ತರೊಳಗೆ ತಿರುಗಾಟ, ಮಧ್ಯಾಹ್ನ ಊಟ ಮಾಡಿ ನಿದ್ದೆ, ನಾಲ್ಕೂವರೆಯ ಮೇಲೆ ಸಮುದ್ರ. ಮಟಮಟ ಮಧ್ಯಾಹ್ನ ಮರಳಿನ ಮೇಲೆ ಕಾಣುವವರೆಲ್ಲ ಘಟ್ಟದ ಮೇಲಿನವರು. ಸಂಜೆಗೆ ಕುಮಟಾದ ವನ್ನಳ್ಳಿಗೋ ಬಾಡಕ್ಕೋ ಹೋಗಿ. ಜನರೂ ಇಲ್ಲ, ಟಿಕೆಟ್ಟೂ ಇಲ್ಲ.

ದುಡ್ಡು ಕೊಟ್ಟು ಮಾಡುವ ಸಾಹಸ ಒಂದೇ ಇರಲಿ. ಕುಂದಾಪುರಕ್ಕೆ ಸ್ವಲ್ಪ ದಕ್ಷಿಣಕ್ಕೆ ಸಾಲಿಗ್ರಾಮದ ಬಳಿ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ಹುಟ್ಟು ಹಾಕಬಹುದು. ಹೊನ್ನಾವರದಲ್ಲಿ ಶರಾವತಿಯ ಮೇಲೆ ದೋಣಿ ವಿಹಾರ ಇದೆ. ಕಡಿಮೆ ಹಣಕ್ಕೆ ಮಕ್ಕಳಿಗೂ ಆಗುವಂಥದ್ದು ಇವೆರಡೇ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ಮಾಡಿಸುವ ಸ್ಕೂಬಾ ಡೈವಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಚೆನ್ನಾಗಿದೆ, ಈಜು ಬರದವರೂ ಮಾಡಬಹುದು. ಆದರೆ ನಾಲ್ಕು ಜನ ಇಳಿದರೆ ನಿಮ್ಮ ಇಡೀ ಪ್ರವಾಸದ ಖರ್ಚು ಅದೊಂದಕ್ಕೇ ಹೋಗುತ್ತದೆ. ಒಬ್ಬರೇ ಇಳಿಯಿರಿ, ಉಳಿದವರು ದಡದಲ್ಲಿರಲಿ. ಮೇ ನಡುವಿನ ನಂತರ ಸಮುದ್ರ ಏಳುತ್ತದೆ, ಬೋಟು ಹೊರಡುವ ಖಾತ್ರಿಯಿಲ್ಲ. ಜೆಟ್ ಸ್ಕೀ, ಬನಾನಾ ಬೋಟಿನ ಐದು ನಿಮಿಷಕ್ಕೆ ಕೊಡುವ ದುಡ್ಡಿನಲ್ಲಿ ನಾನಾದರೆ ಮೀನು ತಿನ್ನುತ್ತೇನೆ.

ಮೀನಿನ ವಿಷಯಕ್ಕೆ ಬಂದೇಬಿಟ್ಟೆ. ಹೋಟೆಲಿನಲ್ಲಿ ಬಿಲ್ಲು ಏರಿಸುವುದು ಮೂರು ಹೆಸರು: ಅಂಜಲ್, ಮಾಂಜಿ, ಕಾಣೆ. ಮೆನುವಿನಲ್ಲಿ ದರದ ಜಾಗದಲ್ಲಿ "ಸೈಜಿನ ಮೇಲೆ" ಎಂದು ಬರೆದಿದ್ದರೆ ಮೊದಲು ಕೇಳಿ, ಆಮೇಲೆ ಹೇಳಿ. ಊರವರು ದಿನಾ ತಿನ್ನುವುದು ಬಂಗುಡೆ ಮತ್ತು ಬೂತಾಯಿ. ಕುಮಟಾ ಕಡೆ ಬೂತಾಯಿಗೆ ತಾರ್ಲೆ ಅನ್ನುತ್ತಾರೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಪಕ್ಕಕ್ಕೆ ಬಂಗುಡೆ ರವಾ ಫ್ರೈ. ಇದನ್ನು ಪೇಟೆಯ ಮೀನೂಟದ ಹೋಟೆಲಿನಲ್ಲಿ ತಿನ್ನಿ, ಬೀಚಿನ ಶ್ಯಾಕಿನಲ್ಲಿ ಬೇಡ. ಮಧ್ಯಾಹ್ನ ಹನ್ನೆರಡೂವರೆಗೆ ಬ್ಯಾಂಕಿನವರು, ಕೋರ್ಟಿನವರು ಎಲ್ಲಿ ನುಗ್ಗುತ್ತಾರೋ ನೋಡಿ ಅವರ ಹಿಂದೆ ಹೋಗಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಅದಕ್ಕೇ ತಾಜಾ ಮೀನು ಬೇಕಾದವರು ಮೇ ಮುಗಿಯುವುದರೊಳಗೆ ಬಂದರೆ ಒಳ್ಳೆಯದು.

ಕುಂದಾಪುರದಲ್ಲಿ ರಾತ್ರಿ ಕೋಳಿ ಸಾರು, ನೀರುದೋಸೆ. ಈಗ ದೇಶದ ಮೂಲೆ ಮೂಲೆಯ ಮೆನುವಿನಲ್ಲಿರುವ ಚಿಕನ್ ಘೀ ರೋಸ್ಟ್ ಕುಂದಾಪುರದ್ದೇ. ಒಂದು ಪ್ಲೇಟು ತರಿಸಿ ನಾಲ್ವರು ಹಂಚಿಕೊಳ್ಳಿ, ಅಷ್ಟು ತುಪ್ಪಕ್ಕೆ ಒಬ್ಬನ ಹೊಟ್ಟೆ ಸಾಲದು. ಸಸ್ಯಾಹಾರಿಗಳು ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆಯಲ್ಲಿ ಸುಖವಾಗಿರಬಹುದು. ಘಟ್ಟದ ಕೆಳಗಿನ ನಿಜವಾದ ಬೇಸಿಗೆಯ ಅಡುಗೆ ಮಾತ್ರ ಹೋಟೆಲಿಗಿಂತ ಮನೆಗಳಲ್ಲಿ: ತಂಬುಳಿ, ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ಹಲಸಿನಕಾಯಿ ಹುಳಿ. ಊಟ ಕೊಡುವ ಹೋಮ್‌ಸ್ಟೇ ಸಿಕ್ಕರೆ ಒಂದು ರಾತ್ರಿ ಅಲ್ಲಿ ಉಳಿದು ಹಿಂದಿನ ದಿನವೇ ಅಪ್ಪೆಹುಳಿ ಬೇಕೆಂದು ಹೇಳಿಬಿಡಿ. ಅಪ್ಪೆಹುಳಿ ಕುಡಿದ ಮೇಲೆ ಕಾರು ಓಡಿಸುವ ಯೋಚನೆ ಬೇಡ, ನಿದ್ದೆ ಖಂಡಿತ.

ದಾರಿಬದಿಯಲ್ಲೂ ಬೇಕಾದಷ್ಟಿದೆ. ಮುರುಗಲು (ಕೋಕಂ) ಹಣ್ಣಿನ ಶರಬತ್ತು, ತಾಟಿನಿಂಗು, ಗೇರುಹಣ್ಣು. ಗೋಕರ್ಣದಿಂದ ಇನ್ನಷ್ಟು ಮುಂದೆ ಅಂಕೋಲಾಕ್ಕೆ ಹೋಗುವ ಮನಸ್ಸಿದ್ದರೆ ಮೇ ತಿಂಗಳಲ್ಲಿ ಇಶಾಡು ಮಾವಿನಹಣ್ಣಿನ ಬುಟ್ಟಿಗಳು ಕೂತಿರುತ್ತವೆ. ಕರಿ ಇಶಾಡಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಸಿಪ್ಪೆ ತೆಳ್ಳಗೆ, ಬೆಂಗಳೂರಿನವರೆಗೆ ತಾಳುವ ಹಣ್ಣಲ್ಲ. ಅಲ್ಲೇ ನಿಂತು ತಿನ್ನಬೇಕು.

ನೀರಿನ ಬಗ್ಗೆ ಒಂದು ಮಾತು, ಇದರಲ್ಲಿ ತಮಾಷೆಯಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುಳುಗಿ ತೀರಿಕೊಂಡರು. ಅದು ಡಿಸೆಂಬರು. ಮೇ ಕೊನೆಯ ಸಮುದ್ರ ಅದಕ್ಕಿಂತ ಒರಟು. ಜೀವರಕ್ಷಕರು ಇಲ್ಲದಲ್ಲಿ ಮೊಣಕಾಲಿನಿಂದ ಮೇಲೆ ನೀರು ಬೇಡ, ಸೀಟಿ ಊದಿದರೆ ವಾದ ಬೇಡ, ಕುಡಿದು ಇಳಿಯುವುದಂತೂ ಬೇಡವೇ ಬೇಡ.

"ಅಷ್ಟು ದೂರ ಬಂದು ಗೋವಾ ಬಿಡೋದಾ?" ಎಂದು ಕೊನೆಗೆ ಒಬ್ಬರಾದರೂ ಕೇಳುತ್ತಾರೆ. ಬಿಡಿ. ಇನ್ನೊಂದು ದಿನ, ಇನ್ನೊಂದು ಟ್ಯಾಂಕು, ಇದೇ ಮರಳು.

ನಾಲ್ಕನೆಯ ದಿನ ಹತ್ತುವುದು ಹೊನ್ನಾವರ, ಗೇರುಸೊಪ್ಪೆ ದಾರಿಯಲ್ಲಿ. ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟವನ್ನು ರಸ್ತೆ ಅಗಲ ಮಾಡುವ ಕೆಲಸಕ್ಕೆಂದು ಮುಚ್ಚಿದ್ದುಂಟು, ಆ ಕಡೆ ಹೋಗುವುದಾದರೆ ಲಾಡ್ಜಿನಲ್ಲಿ ಕೇಳಿಕೊಂಡೇ ಹೊರಡಿ. ಗೇರುಸೊಪ್ಪೆಯಿಂದ ಮೇಲೆ ಬಂದರೆ ಜೋಗ ಸಿಗುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಕಾಣುವುದು ಬಂಡೆ. ಟೀ ಕುಡಿದು ಮುಂದೆ ಹೋಗಿ. ಹೊರಡುವ ಮೊದಲು ಕುಮಟಾದ ಹೆದ್ದಾರಿ ಬದಿಯಲ್ಲಿ, ಅಳವೇಕೋಡಿ, ಹಂದಿಗೋಣದ ಹತ್ತಿರ, ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಗೊಂಚಲು ತೆಗೆದುಕೊಳ್ಳಿ. ಚೌಕಾಸಿ ಮಾಡಿ, ಆದರೆ ಅತಿಯಾಗಿ ಬೇಡ, ಬೆಳೆದವರೇ ಮಾರಲು ಕೂತಿರುತ್ತಾರೆ. ಡಿಕ್ಕಿಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಶಿವಮೊಗ್ಗದೊಳಗೆ ಬೆವರುತ್ತದೆ. ಸೀಟಿನ ಹಿಂದೆ ತೂಗುಹಾಕಿ, ಮನೆಯಲ್ಲೂ ಗಾಳಿಯಾಡುವ ಕಡೆ ತೂಗುಹಾಕಿದರೆ ಮಳೆಗಾಲಕ್ಕೂ ಬರುತ್ತದೆ.