ಮಾವನ ಕಾಲು ಮತ್ತು ಆರು ತಿಂಗಳ ಅವಧಿ

ಎರಡು ವರ್ಷಗಳ ಹಿಂದೆ, ಕಬ್ಬು ಅರೆಯುವ ಹಂಗಾಮಿನಲ್ಲಿ, ಮಂಡ್ಯದ ಹೊರವಲಯದಲ್ಲಿ ಹಿಂಬದಿ ದೀಪವಿಲ್ಲದೆ ಕತ್ತಲಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರ್‌ಗೆ ನಮ್ಮ ಸೋದರಮಾವನ ಬೈಕು ಗುದ್ದಿ, ಅವರ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಪರಿಹಾರದ ಅರ್ಜಿಯ ಮಾತೆತ್ತಿದಾಗಲೆಲ್ಲ ಅವರು, ‘ಮೊದ್ಲು ಕಾಲು ನೆಟ್ಟಗಾಗ್ಲಿ ಸುಮ್ನಿರ್ಲಾ, ಕೋರ್ಟೇನು ಓಡೋಯ್ತದಾ?’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಅರ್ಜಿ ಹಾಕಲು ಇರುವ ಆರು ತಿಂಗಳ ಅವಧಿಯ ಲೆಕ್ಕ ಅಪಘಾತದ ದಿನದಿಂದಲೇ ಶುರುವಾಗುತ್ತದೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಮಾವನ ಮಾತಿಗೆ ಆಧಾರವೇ ಇರಲಿಲ್ಲ ಎನ್ನುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿದ್ದ ಆರು ತಿಂಗಳ ಮಿತಿಯನ್ನು 1994ರ ತಿದ್ದುಪಡಿ ತೆಗೆದುಹಾಕಿದ್ದರಿಂದ, ಮುಂದಿನ ಇಪ್ಪತ್ತೇಳು ವರ್ಷ ‘ಯಾವಾಗ ಬೇಕಾದರೂ ಕೇಸು ಹಾಕಬಹುದು’ ಎಂಬ ಮಾತು ನಮ್ಮ ಕಡೆ ನಿಜವೇ ಆಗಿತ್ತು. 2019ರ ತಿದ್ದುಪಡಿ ಅದೇ ಮಿತಿಯನ್ನು ಮರಳಿ ತಂದು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು; ಊರಿನ ಮಾತು ಮಾತ್ರ ಹಳೆಯದೇ ಉಳಿಯಿತು. ಈ ಮಿತಿಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರ್‌ನಲ್ಲಿ, ತಡವಾಯಿತೆಂಬ ಕಾರಣಕ್ಕೆ ಕ್ಲೇಮು ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿದೆ. ಆದರೆ ಮಧ್ಯಂತರ ಆದೇಶವನ್ನು ನೆಚ್ಚಿಕೊಂಡು ಮನೆಯಲ್ಲಿ ಕೂರುವಂತೆ ನಾನಂತೂ ಯಾರಿಗೂ ಹೇಳಲಾರೆ.

ಗಾಯ ಒಂದೇ ಆದರೂ ಅದು ಎಲ್ಲಿ ಆಯಿತೆಂಬುದರ ಮೇಲೆ ಅವಧಿ ಬದಲಾಗುತ್ತದೆ. ರೈಲು ಅಪಘಾತವಾದರೆ ರೈಲ್ವೆ ಕ್ಲೇಮು ನ್ಯಾಯಮಂಡಳಿಗೆ ಒಂದು ವರ್ಷದೊಳಗೆ ಹೋಗಬೇಕು; ಕೆಲಸದ ಜಾಗದಲ್ಲಿ ಪೆಟ್ಟಾದರೆ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಡಿ ಎರಡು ವರ್ಷವಿತ್ತು; ಹಣ ಕೊಟ್ಟು ಪಡೆದ ಚಿಕಿತ್ಸೆಯ ನಿರ್ಲಕ್ಷ್ಯದ ಬಗ್ಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಲೂ ಎರಡು ವರ್ಷ. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಈ ಮೂರೂ ಕಡೆ ಕ್ಷಮಿಸಲು ಅವಕಾಶವಿದೆ.

ನಮ್ಮ ವಕೀಲರು ಕಾಗದ ಪತ್ರ ತನ್ನಿ ಎಂದಾಗ ಐದು ತಿಂಗಳು ಕಳೆದಿತ್ತು. ಅತ್ತೆ ಅಟ್ಟದಿಂದ ಇಳಿಸಿದ ಪ್ಲಾಸ್ಟಿಕ್ ಕವರಿನಲ್ಲಿ ಎಫ್‌ಐಆರ್ ಪ್ರತಿ ಇತ್ತು, ಡಿಸ್ಚಾರ್ಜ್ ಸಮ್ಮರಿ ಇತ್ತು. ಔಷಧಿ ಅಂಗಡಿಯ ಬಿಲ್ಲುಗಳಲ್ಲಿ ಅರ್ಧದಷ್ಟು ಅಕ್ಷರ ಮಾಸಿ ಬರೀ ಬಿಳಿ ಚೀಟಿಗಳಾಗಿದ್ದವು. ಗಾಯದ ಪ್ರಮಾಣಪತ್ರಕ್ಕಾಗಿ ಮೂರು ಸಲ ಆಸ್ಪತ್ರೆಗೆ ಅಲೆದು, ಅವಧಿಗೆ ಇನ್ನೂ ಹನ್ನೊಂದು ದಿನ ಇದೆ ಎನ್ನುವಾಗ ಅರ್ಜಿ ಹಾಕಿದೆವು. ಮಾಸಿದ ಬಿಲ್ಲುಗಳ ನಕಲಿಗಾಗಿ ಆ ಅಂಗಡಿಗೆ ನಾನು ಈಗಲೂ ಹೋಗಿಬರುತ್ತಿದ್ದೇನೆ.