ಇವತ್ತಿಗೆ ಇಷ್ಟು
ಈ ಸಲ ಚರ್ಚಿನ ತೆನೆ ಹಬ್ಬಕ್ಕೆ ಹೋಗುವುದೇ ಬೇಡ ಅಂದುಕೊಂಡಿದ್ದೆ. ಬಿಟ್ಟೂ ಬಿಡದೆ ಹೊಡೆದ ಮಳೆಗೆ ತೋಟಕ್ಕೆ ಕೊಳೆ ರೋಗ ತಗಲಿತ್ತು. ಗಿಡದ ಬುಡದಲ್ಲೆಲ್ಲ ಕಪ್ಪಾದ ಕಾಫಿ ಕಾಯಿ. ಸಾಲದ ಕಂತು ಬಾಗಿಲಲ್ಲಿ ನಿಂತಿತ್ತು. ಮಾವ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು. ರಾತ್ರಿ ಜಪಸರ ಹಿಡಿದು ಕೂತರೆ ಬೆರಳು ಮಣಿ ಎಣಿಸುತ್ತಿತ್ತು, ತಲೆ ಸಾಲ ಎಣಿಸುತ್ತಿತ್ತು.

"ಮಾತೆಗೆ ಹೂವಾದ್ರೂ ಹಾಕಿ ಬರೋಣ ಅಮ್ಮ" ಅಂದಳು ಮಗಳು. ಹೋದೆವು.

ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಅವತ್ತೇ ತೆನೆ ಹಬ್ಬ. ಅನ್ನಮ್ಮ ಮರಿಯಮ್ಮನ ತಾಯಿ. ಮಗಳ ಹುಟ್ಟುಹಬ್ಬಕ್ಕೆ ತಾಯಿಯ ಮನೆಗೇ ಹೋದ ಹಾಗೆ ಅಲ್ವಾ! "ಅನ್ನಮ್ಮನ ಮನೆಗೆ ಬಂದವರಿಗೆ ಅನ್ನ ತಪ್ಪೋದುಂಟಾ?" ಅನ್ನುತ್ತಿದ್ದರು ನಮ್ಮಜ್ಜಿ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಅರಸರು ಇಲ್ಲಿ ನೆಲೆ ಕೊಟ್ಟರು. 1792ರಲ್ಲಿ ದೇವಾಲಯ ಶುರುವಾಯಿತು. ಬರುವಾಗ ಅವರ ಕೈಯಲ್ಲಿ ಏನಿತ್ತು?

ಫಾದರ್ ಆಶೀರ್ವದಿಸಿದ ತೆನೆ ಕೈಗೆ ಬಂತು. ಆಗ ಒಂದು ಮಾತು ಹೊಳೆಯಿತು. ಕೊಡಗಿನ ಗದ್ದೆಯಲ್ಲಿ ಸೆಪ್ಟೆಂಬರಿಗೆ ತೆನೆ ಎಲ್ಲಿಂದ ಬರಬೇಕು? ನಮ್ಮ ಕೊಯ್ಲೇನಿದ್ದರೂ ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬಕ್ಕೆ. ನನ್ನ ಕೈಯಲ್ಲಿದ್ದದ್ದು ಘಟ್ಟದ ಕೆಳಗಿನ ತೆನೆ. ನಮ್ಮ ಪೈರು ಇನ್ನೂ ಹಸಿರಾಗಿರುವಾಗಲೇ ನಮ್ಮ ಪಾಲಿನದು ಬೇರೆಲ್ಲೋ ಬಲಿತಿತ್ತು.

ಮೂಗಿಗೆ ಹಿಡಿದೆ. ಹಸಿ ಹುಲ್ಲು, ಅದರೊಳಗೆ ಹಾಲಿನಂಥ ವಾಸನೆ. ಅಜ್ಜಿಯ ಸೆರಗಿನ ವಾಸನೆಯೇ ಅದು. ಹಬ್ಬದ ದಿನ ಅವರು ಮಣೆ ಹಾಕಿ ಕೂತು ಉಗುರಿನಿಂದ ಒಂದೊಂದೇ ಭತ್ತ ಸುಲಿಯುವರು. ಕಾಫಿ ಕುಯ್ದೂ ಕುಯ್ದೂ ಹೆಬ್ಬೆರಳ ಉಗುರು ನಡುವೆ ಸೀಳಿ ಹೋಗಿತ್ತು. ಆ ಸೀಳಿಗೇ ಕಾಳು ಸಿಕ್ಕಿಸಿ ಸಿಪ್ಪೆ ಬಿಡಿಸುವರು. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಕಾಳು. ಊರಲ್ಲಿಲ್ಲದ ಚಿಕ್ಕಪ್ಪನಿಗೂ ಒಂದು. ಅರೆದು ತೆಂಗಿನ ಹಾಲು, ಬೆಲ್ಲ ಸೇರಿಸಿ ಎಲ್ಲರಿಗೂ ಒಂದೊಂದು ಚಮಚ.

"ಇಷ್ಟೇನಾ ಅಜ್ಜಿ?"

"ಇವತ್ತಿಗೆ ಇಷ್ಟು."

ಬೈಬಲಿನಲ್ಲಿ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ಮನ್ನ, ಅಂದರೆ ದೇವರು ದಿನದಿನ ಕೊಟ್ಟ ಆಹಾರ, ಸಿಕ್ಕಿದ್ದೂ ಹಾಗೇ ಅಲ್ವಾ? ನಾಳೆಗಿರಲಿ ಅಂತ ಎತ್ತಿಟ್ಟದ್ದಕ್ಕೆ ಹುಳ ಬಿತ್ತು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲೂ ನಾವು ಕೇಳುವುದು ಅನುದಿನದ ಆಹಾರ. ನಾನೋ ಬರುವ ಮಾರ್ಚ್‌ವರೆಗಿನದನ್ನೆಲ್ಲ ಇವತ್ತೇ ಕೊಡು ಅಂತ ಕೂತಿದ್ದೆ. ಕೊಡಲಿಲ್ಲ ಅಂತ ದೇವರ ಮೇಲೆ ಮುನಿಸಿಕೊಂಡಿದ್ದೆ. ಆದರೆ ಈ ಮೂರು ತಿಂಗಳಲ್ಲಿ ಒಂದು ದಿನವಾದರೂ ಒಲೆ ಹಚ್ಚದೆ ಇದ್ದದ್ದುಂಟಾ? ಮಾವನನ್ನು ಎತ್ತಿ ಕೂರಿಸಲು ಪಕ್ಕದ ಮನೆಯವರು ಬರದ ದಿನ ಇತ್ತಾ?

ಈಗ ಎಷ್ಟೋ ಮನೆಗಳಲ್ಲಿ ತೆನೆಯನ್ನು ಸುಮ್ನೆ ಫೋಟೋದ ಹಿಂದೆ ಸಿಕ್ಕಿಸಿಬಿಡುತ್ತಾರೆ. ಅಲ್ಲೇ ಒಣಗುತ್ತದೆ. ಊಟ ಹೋಟೆಲಿನಿಂದ ಬರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಕಾಳಾದರೂ ಸುಲಿಯಿರಿ.

ನಾವು ಸುಲಿದೆವು. ದುಬೈಯಲ್ಲಿರುವ ನಾದಿನಿಯದ್ದೂ ಸೇರಿ ಆರು ಕಾಳು. ಸಾಲ ಹಾಗೇ ಇದೆ. ತೋಟಕ್ಕೆ ಇನ್ನೊಂದು ಸಲ ಔಷಧಿ ಹೊಡೆಯಬೇಕು. ಮೊದಲ ಚಮಚ ಮಾವನಿಗೆ. ಎರಡು ದಿನದಿಂದ ಗಂಜಿಯನ್ನೂ ಬೇಡ ಅನ್ನುತ್ತಿದ್ದವರು ಬಾಯಿ ತೆರೆದರು. ನುಂಗಿದರು. ಆಮೇಲೆ ನಾಲಿಗೆಯಿಂದ ಮೆಲ್ಲಗೆ ತುಟಿ ಸವರಿಕೊಂಡರು.